ಒಂದು ಡಬ್ಬಿ ಸೂಪ್ ಎಷ್ಟು ಜನರಿಗೆ?

ಅಮೆರಿಕದ ದಿನಸಿ ಅಂಗಡಿಗಳಲ್ಲಿ ಸಾಲುಗಟ್ಟಿ ನಿಂತಿರುವ ಕೆಂಪು-ಬಿಳಿ ಲೇಬಲ್ಲಿನ ಕ್ಯಾಂಪ್‌ಬೆಲ್ ಸೂಪ್ ಡಬ್ಬಿ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ತೂಕ ಹತ್ತೂಮುಕ್ಕಾಲು ಔನ್ಸ್, ನಮ್ಮ ಲೆಕ್ಕದಲ್ಲಿ ಸುಮಾರು 305 ಗ್ರಾಂ. ಹಸಿದವರೊಬ್ಬರು ಕೂತರೆ ಒಂದೇ ಸಲಕ್ಕೆ ಖಾಲಿಯಾಗುವ ಈ ಡಬ್ಬಿಯ ಬೆನ್ನ ಮೇಲೆ ಮಾತ್ರ ‘ಸುಮಾರು ಎರಡೂವರೆ ಸರ್ವಿಂಗ್’ ಎಂದು ಅಚ್ಚಾಗಿರುತ್ತದೆ. ಎರಡೂವರೆ ಜನರಿರುವ ಮನೆ ಯಾವುದೋ ತಿಳಿಯದು. ಓದಲು ಹೋದ ಹುಡುಗರು, ಕೆಲಸಕ್ಕೆಂದು ನೆಲೆಸಿದವರು, ಮಗಳ ಬಾಣಂತನಕ್ಕೆ ಆರು ತಿಂಗಳ ಮಟ್ಟಿಗೆ ಹೋದ ತಾಯಂದಿರು ಎಲ್ಲರೂ ಒಂದಲ್ಲ ಒಂದು ಚಳಿಯ ಸಂಜೆ ಈ ಡಬ್ಬಿಯ ಮುಂದೆ ನಿಂತಿರುತ್ತಾರೆ: ಪೂರ್ತಿ ಬಿಸಿ ಮಾಡುವುದೋ, ಅರ್ಧ ಎತ್ತಿಡುವುದೋ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಊಟಕ್ಕೆ ಮುಂಚೆ ಕುಡಿಯುವ ಸೂಪ್ ಆದರೆ ಒಬ್ಬರಿಗೆ ಮುಕ್ಕಾಲು ಕಪ್ಪಿನಿಂದ ಒಂದು ಕಪ್, ಅಂದರೆ 180ರಿಂದ 240 ಮಿಲಿಲೀಟರ್. ಸೂಪೇ ಊಟವಾದರೆ ಒಂದೂವರೆಯಿಂದ ಎರಡು ಕಪ್. ಇಷ್ಟಕ್ಕೇ ಮುಗಿಯುವ ವಿಷಯವಾಗಿದ್ದರೆ ಲೇಖನ ಬೇಕಿರಲಿಲ್ಲ. ಡಬ್ಬಿ ಸೂಪಿನಲ್ಲಿ ಹೊಟ್ಟೆ ತುಂಬುವ ಅಳತೆಯೂ ಉಪ್ಪು ತಾಳುವ ಅಳತೆಯೂ ಹೊಂದುವುದಿಲ್ಲ. ಹೊಟ್ಟೆ ತುಂಬುವಷ್ಟು ಕುಡಿದರೆ ಉಪ್ಪು ಮಿತಿ ಮೀರುತ್ತದೆ; ಉಪ್ಪು ಮಿತಿಯಲ್ಲಿರುವಷ್ಟು ಕುಡಿದರೆ ಅರ್ಧ ಗಂಟೆಗೆ ಮತ್ತೆ ಹಸಿವು. ಈ ಎರಡನ್ನೂ ಹೊಂದಿಸುವುದೇ ಸರಿಯಾದ ಪಾಲಿನ ಲೆಕ್ಕ.

ಡಬ್ಬಿಯಲ್ಲೇ ಎರಡು ಬಗೆ

ಮೊದಲು ನೋಡಬೇಕಾದದ್ದು ಡಬ್ಬಿಯ ಮೇಲೆ ‘ಕಂಡೆನ್ಸ್ಡ್’ ಎಂದಿದೆಯೇ ಎಂದು. ಇದ್ದರೆ ಅದು ಗಟ್ಟಿ ಸೂಪ್, ನೀರು ಬೆರೆಸಿಯೇ ಕುಡಿಯಬೇಕು. ‘ರೆಡಿ ಟು ಸರ್ವ್’ ಎಂದೋ ‘ನೀರು ಸೇರಿಸಬೇಡಿ’ ಎಂದೋ ಇದ್ದರೆ ಬಿಸಿ ಮಾಡಿದರೆ ಮುಗಿಯಿತು. ಎರಡೂ ಒಂದೇ ಶೆಲ್ಫಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ. ಗಟ್ಟಿ ಸೂಪನ್ನು ಹಾಗೇ ಬಿಸಿ ಮಾಡಿ ಬಾಯಿಗಿಟ್ಟು ‘ಇದೇನು ಇಷ್ಟು ಉಪ್ಪು’ ಎಂದು ಮುಖ ಕಿವುಚಿದವರು ನಮ್ಮವರಲ್ಲಿ ಬೇಕಾದಷ್ಟು ಮಂದಿ.

ಗಟ್ಟಿ ಸೂಪಿನ ಹಿಂದಿರುವುದು ರಸಾಯನಶಾಸ್ತ್ರಜ್ಞನೊಬ್ಬನ ಬುದ್ಧಿ. ಜರ್ಮನಿಯ ಗಟಿಂಗನ್ನಿನಲ್ಲಿ ಡಾಕ್ಟರೇಟ್ ಪಡೆದು ಬಂದ ಜಾನ್ ಡೊರೆನ್ಸ್ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿದ್ದ ಚಿಕ್ಕಪ್ಪನ ಡಬ್ಬಿ ಕಂಪನಿಗೆ, ಅಂದರೆ ಇದೇ ಕ್ಯಾಂಪ್‌ಬೆಲ್‌ಗೆ, ವಾರಕ್ಕೆ ಏಳೂವರೆ ಡಾಲರ್ ಸಂಬಳದ ಮೇಲೆ ಸೇರಿಕೊಂಡ. ಸೂಪಿನಲ್ಲಿ ತೂಕವೆಲ್ಲ ನೀರಿನದೇ. ಆ ನೀರನ್ನು ಗಾಡಿಗೆ ಹೇರಿ ಊರೂರಿಗೆ ಸಾಗಿಸುವುದೇಕೆ ಎಂಬುದು ಅವನ ಪ್ರಶ್ನೆ. 1897ರಲ್ಲಿ ನೀರು ತೆಗೆದ ಗಟ್ಟಿ ಸೂಪ್ ಹೊರಬಂತು. ಮೂವತ್ತನಾಲ್ಕು ಸೆಂಟಿಗೆ ಮಾರುತ್ತಿದ್ದ ದೊಡ್ಡ ಡಬ್ಬಿಯ ಜಾಗಕ್ಕೆ ಹತ್ತು ಸೆಂಟಿನ ಪುಟ್ಟ ಡಬ್ಬಿ ಬಂದು ಕೂತಿತು. ಮುಂದೆ ಕಂಪನಿಯೇ ಅವನದಾಯಿತು. 1962ರಲ್ಲಿ ಆ್ಯಂಡಿ ವಾರ್‌ಹಾಲ್ ಮೂವತ್ತೆರಡು ಕ್ಯಾನ್ವಾಸುಗಳ ಮೇಲೆ ಬರೆದಿಟ್ಟದ್ದೂ ಇದೇ ಡಬ್ಬಿಯನ್ನು.

ಹಾಗಾಗಿ ಚಿಕ್ಕ ಡಬ್ಬಿ ಕಂಡು ಮೋಸಹೋಗಬಾರದು. ಅದರೊಳಗೆ ಸುಮಾರು ಒಂದೂಕಾಲು ಕಪ್ ಗಟ್ಟಿ ಸೂಪ್ ಇರುತ್ತದೆ. ಅದೇ ಡಬ್ಬಿಯಲ್ಲಿ ಒಂದು ಡಬ್ಬಿ ನೀರು ಅಳೆದು ಸೇರಿಸಿದರೆ ಎರಡೂವರೆ ಕಪ್, ಅಂದರೆ 600 ಮಿಲಿಲೀಟರ್ ಸೂಪಾಗುತ್ತದೆ. ಲೇಬಲ್ಲಿನ ‘ಎರಡೂವರೆ’ ಬಂದದ್ದು ಇಲ್ಲಿಂದ: ನೀರು ಬೆರೆಸಿದ ಮೇಲೆ ತಲಾ ಒಂದು ಕಪ್. ಅಲ್ಲಿ ‘ಅರ್ಧ ಕಪ್’ ಎಂದು ಬರೆದಿರುವುದು ನೀರು ಬೆರೆಸುವ ಮುಂಚಿನ ಗಟ್ಟಿ ಸೂಪಿನ ಅಳತೆ. ಈ ಒಂದು ಪದ ಕಣ್ಣು ತಪ್ಪಿದರೆ ಲೆಕ್ಕವೆಲ್ಲ ತಲೆಕೆಳಗು.

ಗಟ್ಟಿ ಸೂಪ್ ಬೆರೆಸುವುದಕ್ಕೂ ಒಂದು ಕ್ರಮವಿದೆ. ಡಬ್ಬಿ ಬಗ್ಗಿಸಿದ ಕೂಡಲೇ ಅದು ಸುರಿಯುವುದಿಲ್ಲ. ಒಂದೆರಡು ಸಲ ಕೊಡವಿದ ಮೇಲೆ ‘ಪ್ಲಕ್’ ಎಂದು ಜಾರಿ, ಡಬ್ಬಿಯ ಏಣುಗಳ ಗೀರುಗಳನ್ನೂ ಹೊತ್ತುಕೊಂಡು, ಉರುಳೆಯ ಆಕಾರದಲ್ಲೇ ಪಾತ್ರೆಯೊಳಗೆ ಕೂರುತ್ತದೆ. ಆಗ ನೀರನ್ನೆಲ್ಲ ಒಮ್ಮೆಗೇ ಸುರಿದರೆ ಗಂಟುಗಳು ಮೇಲೆ ತೇಲುತ್ತವೆ, ಎಷ್ಟು ಕುದಿಸಿದರೂ ಕರಗುವುದಿಲ್ಲ. ಮೊದಲು ಕಾಲು ಡಬ್ಬಿ ನೀರು ಹಾಕಿ, ಸಣ್ಣ ಉರಿಯಲ್ಲಿ ಸೌಟಿನ ಬೆನ್ನಿನಿಂದ ಒತ್ತಿ ಒತ್ತಿ ಸಡಿಲಿಸಿ, ಆಮೇಲೆ ಉಳಿದ ನೀರು ಸೇರಿಸಿ. ನೀರಿನ ಬದಲು ಹಾಲು ಹಾಕುವವರಿದ್ದಾರೆ, ರುಚಿಯೂ ಚೆನ್ನ. ಆದರೆ ಟೊಮೆಟೊ ಸೂಪಿಗೆ ಹಾಲು ಹಾಕಿ ಕುದಿಸಿದರೆ ಒಡೆಯುತ್ತದೆ. ಹಬೆಯೇಳುವ ಹೊತ್ತಿಗೆ ಇಳಿಸಬೇಕು.

ನೀರು ಬೆರೆಸಬೇಕಿಲ್ಲದ ದೊಡ್ಡ ಡಬ್ಬಿಗಳು ಅಮೆರಿಕದಲ್ಲಿ ಸಾಮಾನ್ಯವಾಗಿ ಹದಿನೆಂಟು-ಹತ್ತೊಂಬತ್ತು ಔನ್ಸಿನವು, ಅರ್ಧ ಕಿಲೋಕ್ಕಿಂತ ತುಸು ಹೆಚ್ಚು. ಇವು ಸರಿಸುಮಾರು ಎರಡು ಕಪ್. ಬ್ರಿಟನ್ನಿನಲ್ಲಿ ಚಿರಪರಿಚಿತವಾದದ್ದು 400 ಗ್ರಾಂ ಡಬ್ಬಿ. ಅಲ್ಲಿನ ಹೆಸರಾಂತ ಟೊಮೆಟೊ ಸೂಪುಗಳು ಹೆಚ್ಚಾಗಿ ನೀರು ಬೇಡದವೇ, ಲೇಬಲ್ ಹೇಳುವ ಪಾಲು ಸಾಮಾನ್ಯವಾಗಿ ಅರ್ಧ ಡಬ್ಬಿ. ಅಂದರೆ ಒಂದು ಬಟ್ಟಲಿಗೆ 200 ಗ್ರಾಂ.

‘ಸರ್ವಿಂಗ್’ ಯಾರ ಅಳತೆ?

ಲೇಬಲ್ಲಿನ ಸರ್ವಿಂಗ್ ಎಂದರೆ ವೈದ್ಯರು ಹೇಳಿದ ಪ್ರಮಾಣ ಎಂದು ತಿಳಿದವರೇ ಹೆಚ್ಚು. ಅಮೆರಿಕದ ಕಾನೂನು ಹೇಳುವುದೇ ಬೇರೆ. 1990ರ ಪೋಷಕಾಂಶ ಲೇಬಲ್ ಕಾಯ್ದೆಯ ಪ್ರಕಾರ ಸರ್ವಿಂಗ್ ಎಂದರೆ ಜನ ಒಂದು ಸಲಕ್ಕೆ ವಾಸ್ತವವಾಗಿ ತಿನ್ನುವ ಪ್ರಮಾಣ. ಎಷ್ಟು ತಿನ್ನಬೇಕು ಎಂಬ ಸಲಹೆಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಸೂಪಿಗೆ ಗೊತ್ತುಮಾಡಿದ ಪ್ರಮಾಣ 245 ಗ್ರಾಂ. ಹತ್ತಿರಹತ್ತಿರ ಒಂದು ಕಪ್. 1993ರಲ್ಲಿ ಇಂಥ ಅಳತೆಗಳನ್ನು ನಿಗದಿ ಮಾಡುವಾಗ ಆಧಾರವಾಗಿ ಇಟ್ಟುಕೊಂಡದ್ದು 1970 ಮತ್ತು 80ರ ದಶಕಗಳ ಆಹಾರ ಸಮೀಕ್ಷೆಗಳನ್ನು.

ಆ ಕಾಲದ ಬಟ್ಟಲೇ ಬೇರೆ, ಈಗಿನ ಬಟ್ಟಲೇ ಬೇರೆ ಎಂಬುದು ಎಫ್‌ಡಿಎಗೂ ಮನದಟ್ಟಾಗಿ 2016ರಲ್ಲಿ ನಿಯಮ ತಿದ್ದಿತು. ಐಸ್‌ಕ್ರೀಮಿನ ಸರ್ವಿಂಗ್ ಅರ್ಧ ಕಪ್ಪಿನಿಂದ ಮೂರರಲ್ಲಿ ಎರಡು ಭಾಗಕ್ಕೆ ಏರಿತು, ಸೋಡಾದ್ದು ಎಂಟು ಔನ್ಸಿನಿಂದ ಹನ್ನೆರಡಕ್ಕೆ. ಸೂಪಿನ 245 ಗ್ರಾಂ ಹಾಗೇ ಉಳಿಯಿತು. ಆದರೂ ಸೂಪು ಕೊಳ್ಳುವವರಿಗೆ ಎರಡು ಉಪಕಾರಗಳಾದವು. ಒಂದು, ಎರಡು ಸರ್ವಿಂಗಿಗಿಂತ ಕಡಿಮೆ ಇರುವ ಡಬ್ಬಿಯನ್ನು ಇನ್ನು ಮೇಲೆ ಒಂದೇ ಸರ್ವಿಂಗ್ ಎಂದು ಬರೆಯಬೇಕು. ಇದಕ್ಕೆ ಎಫ್‌ಡಿಎಯೇ ಕೊಟ್ಟ ಉದಾಹರಣೆ ಹದಿನೈದು ಔನ್ಸಿನ ಸೂಪ್ ಡಬ್ಬಿ. ಅದನ್ನು ಯಾರೂ ಎರಡು ಹೊತ್ತಿಗೆ ಇಟ್ಟುಕೊಂಡು ಕುಡಿಯುವುದಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಎರಡು, ಎರಡರಿಂದ ಮೂರು ಸರ್ವಿಂಗ್ ಇರುವ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಎರಡು ಕಾಲಂ ಇರಬೇಕು: ಒಂದು ಸರ್ವಿಂಗಿಗೆ ಎಷ್ಟು, ಪೂರ್ತಿ ಡಬ್ಬಿಗೆ ಎಷ್ಟು. ದೊಡ್ಡ ಕಂಪನಿಗಳಿಗೆ ಇದು 2020ರ ಜನವರಿಯಿಂದ, ಸಣ್ಣವಕ್ಕೆ ಮರುವರ್ಷದಿಂದ ಕಡ್ಡಾಯವಾಯಿತು. ಹದಿನೆಂಟು ಔನ್ಸಿನ ಡಬ್ಬಿ ಕೈಯಲ್ಲಿದ್ದರೆ ನೇರವಾಗಿ ‘ಪರ್ ಕಂಟೇನರ್’ ಎಂಬ ಕಾಲಂ ಓದಿ. ನೀವು ಕುಡಿಯುವುದು ಹೇಗೂ ಅಷ್ಟನ್ನೇ.

ಬ್ರಿಟನ್ನು ಮತ್ತು ಯೂರೋಪಿನಲ್ಲಿ ಲೇಬಲ್ಲಿನ ಕಡ್ಡಾಯ ಅಂಕಿ 100 ಗ್ರಾಮಿಗೆ ಎಷ್ಟು ಎಂಬುದು. ಒಂದು ಪಾಲಿಗೆ ಎಷ್ಟು ಎಂಬುದು ತಯಾರಕರ ಇಚ್ಛೆ. ಆಸ್ಟ್ರೇಲಿಯಾದಲ್ಲಿ ಎರಡೂ ಕಡ್ಡಾಯ, ಆದರೆ ಪಾಲಿನ ಗಾತ್ರ ಗೊತ್ತುಮಾಡುವವರು ಡಬ್ಬಿ ತುಂಬಿದವರೇ. ಎರಡು ಕಂಪನಿಗಳ ಸೂಪನ್ನು ಹೋಲಿಸುವಾಗ 100 ಗ್ರಾಮಿನ ಕಾಲಂ ನೋಡಿ. ಪಾಲಿನ ಕಾಲಂ ಹೋಲಿಸಹೊರಟರೆ ಪಾಲನ್ನು ಚಿಕ್ಕದು ಮಾಡಿದ ಕಂಪನಿಯೇ ಒಳ್ಳೆಯದಾಗಿ ಕಾಣುತ್ತದೆ.

ಉಪ್ಪಿನ ಲೆಕ್ಕ

ದೊಡ್ಡವರು ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು 5 ಗ್ರಾಂ ಉಪ್ಪಿಗೆ ಸಮ. ಅಮೆರಿಕದ ಲೇಬಲ್ ಲೆಕ್ಕ ಹಾಕುವುದು 2300 ಮಿಲಿಗ್ರಾಮಿಗೆ. ಬ್ರಿಟನ್ನಿನ ಲೇಬಲ್ ಸೋಡಿಯಂ ಬಿಟ್ಟು ಉಪ್ಪನ್ನೇ ಬರೆಯುತ್ತದೆ, ಮಿತಿ 6 ಗ್ರಾಂ. ಸೋಡಿಯಮ್ಮನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ.

ಈಗ ಗಟ್ಟಿ ಚಿಕನ್ ನೂಡಲ್ ಸೂಪಿನ ಡಬ್ಬಿಯೊಂದರ ಮೇಲೆ ಒಂದು ಸರ್ವಿಂಗಿಗೆ 890 ಮಿಲಿಗ್ರಾಂ ಸೋಡಿಯಂ, 60 ಕ್ಯಾಲೊರಿ ಎಂದಿದೆ ಅಂದುಕೊಳ್ಳಿ. ಈ ಬಗೆಯ ಸೂಪಿಗೆ ಇದು ಅಪರೂಪದ ಅಂಕಿಯೇನಲ್ಲ. ಪಕ್ಕದಲ್ಲಿ ಶೇ. 39 ಎಂದಿರುತ್ತದೆ. ‘ಪರವಾಗಿಲ್ಲ, ಇನ್ನೂ ಅರವತ್ತು ಉಳಿದಿದೆ’ ಎಂದು ಪೂರ್ತಿ ಡಬ್ಬಿ ಬಿಸಿ ಮಾಡಿ ಕುಡಿದರೆ ಎರಡೂವರೆ ಪಟ್ಟು: 2225 ಮಿಲಿಗ್ರಾಂ. ಒಂದು ಟೀ ಚಮಚದಷ್ಟು ಉಪ್ಪು. ಅಮೆರಿಕದ ಲೆಕ್ಕದಲ್ಲಿ ಇಡೀ ದಿನದ್ದು ಬಹುತೇಕ ಮುಗಿಯಿತು, ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮೀರಿಯೇ ಹೋಯಿತು. ಇಷ್ಟಾಗಿ ಹೊಟ್ಟೆಗೆ ಸಿಕ್ಕಿದ್ದು 150 ಕ್ಯಾಲೊರಿ. ಎರಡು-ಮೂರು ಇಡ್ಲಿ ತಿಂದಷ್ಟು. ದಿನದ ಉಪ್ಪನ್ನೆಲ್ಲ ಒಂದೇ ಹೊತ್ತಿಗೆ ತಿಂದು ಊಟ ಮಾತ್ರ ಆಗಿಲ್ಲ ಎಂಬ ಸ್ಥಿತಿ.

ಬ್ರಿಟನ್ನಿನ ಡಬ್ಬಿಯ ಮುಂಭಾಗದಲ್ಲಿ ಕೆಂಪು, ಹಳದಿ, ಹಸಿರು ಬಣ್ಣದ ಗುರುತುಗಳಿರುತ್ತವೆ. ಅವೂ ಪಾಲಿನ ಲೆಕ್ಕಕ್ಕೆ ಸಿಕ್ಕಿಕೊಂಡಿವೆ. 100 ಗ್ರಾಮಿಗೆ ಒಂದೂವರೆ ಗ್ರಾಂ ಉಪ್ಪು ದಾಟಿದರೆ ಕೆಂಪು. ಪಾಲು 100 ಗ್ರಾಮಿಗಿಂತ ದೊಡ್ಡದಾಗಿದ್ದರೆ ಒಂದು ಪಾಲಿನಲ್ಲಿ 1.8 ಗ್ರಾಂ ದಾಟಿದರೂ ಕೆಂಪು. 100 ಗ್ರಾಮಿಗೆ 0.6 ಗ್ರಾಂ ಉಪ್ಪಿರುವ ಸೂಪಿನ ಅರ್ಧ ಡಬ್ಬಿಯಲ್ಲಿ 1.2 ಗ್ರಾಂ ಇರುತ್ತದೆ, ಹಳದಿ ಗುರುತು. ಅದೇ ಸೂಪಿನ ಪೂರ್ತಿ ಡಬ್ಬಿಯಲ್ಲಿ 2.4 ಗ್ರಾಂ. ಪೂರ್ತಿ ಡಬ್ಬಿಯನ್ನೇ ಒಂದು ಪಾಲು ಎಂದು ಬರೆದಿದ್ದರೆ ಗುರುತು ಕೆಂಪಾಗಬೇಕಿತ್ತು. ‘ಹಳದಿ ಇದೆ, ಚಿಂತೆಯಿಲ್ಲ’ ಎನ್ನುವ ಮುನ್ನ ಆ ಹಳದಿ ಎಷ್ಟಕ್ಕೆ ಎಂದು ಕೇಳಬೇಕು.

ಉಪ್ಪು ಹೆಚ್ಚಾಯಿತೆಂದು ಇನ್ನೊಂದು ಲೋಟ ನೀರು ಬೆರೆಸುವುದು ನಮ್ಮ ಮನೆಗಳ ಅಭ್ಯಾಸ. ನಾಲಿಗೆಗೆ ಹಿತವಾಗುತ್ತದೆ, ನಿಜ. ಆದರೆ ಪಾತ್ರೆ ಪೂರ್ತಿ ಖಾಲಿ ಮಾಡುವುದಾದರೆ ಒಳಗೆ ಹೋಗುವ ಉಪ್ಪು ಅಷ್ಟೇ, ಒಂದು ಚಿಟಿಕೆಯೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗಬೇಕಾದರೆ ತಿಳಿಯನ್ನು ಬಟ್ಟಲಲ್ಲೇ ಬಿಟ್ಟು ತರಕಾರಿ, ಕಾಳು, ನೂಡಲ್ಸನ್ನಷ್ಟೇ ತಿನ್ನಬೇಕು, ಇಲ್ಲವೇ ಆ ಪಾತ್ರೆಯನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳಬೇಕು.

‘ರೆಡ್ಯೂಸ್ಡ್ ಸೋಡಿಯಂ’ ಎಂಬ ಡಬ್ಬಿಯ ವಿಚಾರಕ್ಕೂ ಎಚ್ಚರಿಕೆ ಬೇಕು. ಅಮೆರಿಕದ ನಿಯಮದಂತೆ ಆ ಮಾತಿಗೆ ಅರ್ಥ, ಮಾಮೂಲಿ ಸೂಪಿಗಿಂತ ಕಾಲುಭಾಗ ಕಡಿಮೆ ಎಂದಷ್ಟೇ. 800 ಇದ್ದದ್ದು 600 ಆದರೂ ‘ರೆಡ್ಯೂಸ್ಡ್’. ನಿಜಕ್ಕೂ ಕಡಿಮೆ ಬೇಕಿದ್ದರೆ ‘ಲೋ ಸೋಡಿಯಂ’ ಎಂದಿರಬೇಕು, ಅದಕ್ಕೆ ಒಂದು ಸರ್ವಿಂಗಿಗೆ 140 ಮಿಲಿಗ್ರಾಂ ಮಿತಿ. ಇಂಥ ಡಬ್ಬಿಗಳಲ್ಲಿ ಉಪ್ಪಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಹಾಕುವುದುಂಟು. ಮೂತ್ರಪಿಂಡದ ತೊಂದರೆ ಇರುವವರಿಗೆ ಮತ್ತು ಕೆಲವು ಬಗೆಯ ಬಿಪಿ ಮಾತ್ರೆ ನುಂಗುವವರಿಗೆ ಪೊಟ್ಯಾಸಿಯಂ ಹೆಚ್ಚಾಗುವುದು ಸೋಡಿಯಮ್ಮಿಗಿಂತ ಅಪಾಯ. ಊರಿಂದ ಬಂದ ಅಪ್ಪ-ಅಮ್ಮನಿಗೆ ಒಳ್ಳೆಯದಾಗಲೆಂದು ತಂದಿಡುವ ಮುನ್ನ ಅವರ ಮಾತ್ರೆಯ ಹೆಸರು ಹೇಳಿ ವೈದ್ಯರನ್ನೋ ಫಾರ್ಮಸಿಯವರನ್ನೋ ಕೇಳಿ. ಅಮೆರಿಕದ ಹೊಸ ಲೇಬಲ್ಲಿನಲ್ಲಿ ಪೊಟ್ಯಾಸಿಯಂ ಎಷ್ಟೆಂದು ಕಡ್ಡಾಯವಾಗಿ ಬರೆದಿರುತ್ತದೆ, ಕೊನೆಯ ಸಾಲುಗಳಲ್ಲಿ ಹುಡುಕಿ.

ಮಕ್ಕಳ ಪಾಲು ಇನ್ನೂ ಚಿಕ್ಕದು. ಅಮೆರಿಕದಲ್ಲಿ ಒಂದರಿಂದ ಮೂರು ವರ್ಷದ ಮಗುವಿಗೆ ದಿನದ ಸೋಡಿಯಂ ಮಿತಿ 1200 ಮಿಲಿಗ್ರಾಂ, ನಾಲ್ಕರಿಂದ ಎಂಟು ವರ್ಷದವರಿಗೆ 1500. ಮೇಲಿನ ಚಿಕನ್ ನೂಡಲ್ ಸೂಪಿನ ಒಂದು ಕಪ್ ಕುಡಿಸಿದರೆ ಎರಡು ವರ್ಷದ ಮಗುವಿನ ದಿನದ ಪಾಲಿನಲ್ಲಿ ಮುಕ್ಕಾಲು ಮುಗಿಯುತ್ತದೆ. ಚಿಕ್ಕ ಮಕ್ಕಳಿಗೆ ಅರ್ಧ ಕಪ್ಪಿಗಿಂತ ಹೆಚ್ಚು ಕೊಡದಿರುವುದು, ಅದನ್ನೂ ಅನ್ನದ ಜೊತೆ ಕಲಸಿ ಕೊಡುವುದು ಲೇಸು.

ಬಟ್ಟಲು ಅಳೆದು ನೋಡಿ

ನಿಮ್ಮ ಮನೆಯ ಸೂಪ್ ಬಟ್ಟಲಿಗೆ ಎಷ್ಟು ಹಿಡಿಯುತ್ತದೆ ಎಂದು ಒಮ್ಮೆಯಾದರೂ ನೀರು ತುಂಬಿ ಅಳೆಯಿರಿ. ಕಾಫಿ ಮಗ್ಗಿಗೆ 300 ಮಿಲಿಲೀಟರ್ ಹಿಡಿಯುವುದು ಸಾಮಾನ್ಯ, ಅಗಲ ಬಾಯಿಯ ಬಟ್ಟಲುಗಳಿಗೆ ಅರ್ಧ ಲೀಟರು ದಾಟುವುದೂ ಉಂಟು. ಸೂಪ್ ಬಡಿಸುವ ಸೌಟು ಅಮೆರಿಕದಲ್ಲಿ ಹೆಚ್ಚಾಗಿ ನಾಲ್ಕು ಔನ್ಸಿನದು, ಎರಡು ಸೌಟಿಗೆ ಒಂದು ಕಪ್. ಅಲ್ಲಿನ ಹೋಟೆಲುಗಳಲ್ಲಿ ಸೂಪನ್ನು ‘ಕಪ್’ ಬೇಕೋ ‘ಬೌಲ್’ ಬೇಕೋ ಎಂದು ಕೇಳುತ್ತಾರೆ. ಕಪ್ ಎಂದರೆ ಸಾಮಾನ್ಯವಾಗಿ ಆರರಿಂದ ಎಂಟು ಔನ್ಸ್, ಬೌಲ್ ಎಂದರೆ ಹತ್ತರಿಂದ ಹನ್ನೆರಡು. ಬೆಂಗಳೂರಿನ ಹೋಟೆಲುಗಳು ಈ ಸಮಸ್ಯೆಯನ್ನು ‘ಒನ್ ಬೈ ಟೂ’ ಎಂಬ ಪದ್ಧತಿಯಿಂದ ಎಂದೋ ಬಗೆಹರಿಸಿವೆ. ಒಂದು ಸೂಪ್, ಎರಡು ಪುಟ್ಟ ಬಟ್ಟಲು, ಮೆನು ಕಾರ್ಡಿನಲ್ಲಿ ಇಲ್ಲದಿದ್ದರೂ ಮಾಣಿ ತಕರಾರೆತ್ತದೆ ತಂದಿಡುತ್ತಾನೆ. ಊಟಕ್ಕೆ ಮುಂಚಿನ ಸೂಪಿಗೆ ಅಷ್ಟು ಸಾಕು ಎಂದು ನನ್ನ ಮತ.

ಬಟ್ಟಲಿನ ಗಾತ್ರದ ಮಾತು ಬಂದಾಗ ಒಂದು ಪ್ರಯೋಗದ ಪ್ರಸ್ತಾಪ ಬಂದೇ ಬರುತ್ತದೆ. ಬ್ರಯಾನ್ ವ್ಯಾನ್ಸಿಂಕ್ ಎಂಬವರು ಮೇಜಿನಡಿಯಿಂದ ಕೊಳವೆಯಲ್ಲಿ ಸೂಪು ತಾನೇ ತುಂಬಿಕೊಳ್ಳುತ್ತಿರುವ ಬಟ್ಟಲುಗಳನ್ನಿಟ್ಟು, ಖಾಲಿಯಾಗದ ಬಟ್ಟಲಿನವರು ಶೇ. 73ರಷ್ಟು ಹೆಚ್ಚು ಕುಡಿದರು ಎಂದು 2005ರಲ್ಲಿ ಪ್ರಕಟಿಸಿದರು. ಇದಕ್ಕೆ 2007ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನವೂ ಬಂತು. ಮುಂದೆ ಅವರ ಹಲವು ಪ್ರಬಂಧಗಳನ್ನು ಪತ್ರಿಕೆಗಳು ಹಿಂತೆಗೆದುಕೊಂಡವು, 2018ರಲ್ಲಿ ಅವರಿದ್ದ ಕಾರ್ನೆಲ್ ವಿಶ್ವವಿದ್ಯಾಲಯವೇ ಸಂಶೋಧನಾ ದುರ್ನಡತೆ ನಡೆದಿದೆ ಎಂದು ಹೇಳಿತು. ಹಾಗಾಗಿ ಆ 73ನ್ನು ನೆಚ್ಚಿ ನಾನು ಏನನ್ನೂ ಹೇಳುವುದಿಲ್ಲ. ಬಟ್ಟಲು ಅಳೆಯಲು ಅಳತೆಯ ಲೋಟವೊಂದಿದ್ದರೆ ಸಾಕು.

ಸೂಪ್ ಮೊದಲು ಕುಡಿದರೆ ಊಟ ಕಡಿಮೆಯಾಗುತ್ತದೆಯೇ ಎಂಬುದನ್ನು ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ತಂಡ ಪರೀಕ್ಷಿಸಿದೆ. ಕಡಿಮೆ ಕ್ಯಾಲೊರಿಯ ಸೂಪನ್ನು ಊಟಕ್ಕೆ ಮುಂಚೆ ಕುಡಿದವರು, ಸೂಪಿನ ಕ್ಯಾಲೊರಿಯೂ ಸೇರಿ, ಒಟ್ಟಾರೆ ಸುಮಾರು ಶೇ. 20 ಕಡಿಮೆ ತಿಂದರು ಎಂಬುದು 2007ರಲ್ಲಿ ಪ್ರಕಟವಾದ ಅವರ ಫಲಿತಾಂಶ. ತಿಳಿಯಾಗಿರಲಿ, ತರಕಾರಿ ತುಂಡುಗಳಿರಲಿ, ರುಬ್ಬಿದ್ದಿರಲಿ, ಹೆಚ್ಚು ವ್ಯತ್ಯಾಸವಾಗಲಿಲ್ಲ. ಕೆನೆ ಸೂಪುಗಳಿಗೆ ಇದನ್ನು ಅನ್ವಯಿಸಿಕೊಳ್ಳಬೇಡಿ. ಅವುಗಳಲ್ಲೇ ಸಾಕಷ್ಟು ಕ್ಯಾಲೊರಿ ಇರುತ್ತದೆ.

ಅರ್ಧ ಡಬ್ಬಿಯಲ್ಲಿ ಪೂರ್ತಿ ಊಟ

ಸೂಪೇ ರಾತ್ರಿಯ ಊಟ ಎನ್ನುವವರಿಗೆ ನನ್ನ ಸಲಹೆ: ಉಪ್ಪು ಅರ್ಧ ಡಬ್ಬಿಯದು ಇರಲಿ, ಗಾತ್ರವನ್ನು ನೀವೇ ಸೇರಿಸಿ. ಗಟ್ಟಿ ಟೊಮೆಟೊ ಸೂಪಿನ ಅರ್ಧ ಡಬ್ಬಿ, ಅಷ್ಟೇ ನೀರು, ಅದಕ್ಕೆ ಉಪ್ಪು ಹಾಕದೆ ಬೇಯಿಸಿದ ತೊಗರಿಬೇಳೆ ಅಥವಾ ಮಸೂರ್ ಬೇಳೆ ಅರ್ಧ ಕಪ್. ಫ್ರೀಜರಿನಲ್ಲಿರುವ ಬಟಾಣಿ, ಕ್ಯಾರೆಟ್, ಬೀನ್ಸ್ ಒಂದು ಹಿಡಿ. ಕುದಿ ಬಂದ ಮೇಲೆ ತುಪ್ಪದಲ್ಲಿ ಜೀರಿಗೆ, ಕುಟ್ಟಿದ ಮೆಣಸು, ನಾಲ್ಕು ಎಸಳು ಬೆಳ್ಳುಳ್ಳಿಯ ಒಗ್ಗರಣೆ. ಒಬ್ಬರಿಗೆ ಎರಡು ಕಪ್ ಆಗುತ್ತದೆ. ಸಾರು ಎಂದು ಕರೆದು ಅನ್ನಕ್ಕೆ ಸುರಿದುಕೊಂಡರೂ ಯಾರೂ ಬೈಯುವುದಿಲ್ಲ. ಬೇಳೆ ಬೇಯಿಸಲು ಹೊತ್ತಿಲ್ಲದಿದ್ದರೆ ಡಬ್ಬಿಯ ಕಾಬೂಲಿ ಕಡಲೆ ಆಗಬಹುದು. ಅದರ ನೀರು ಬಸಿದು, ಕಡಲೆಯನ್ನು ನಲ್ಲಿಯ ಕೆಳಗೆ ಚೆನ್ನಾಗಿ ತೊಳೆದು ಹಾಕಿ, ಅದರಲ್ಲೂ ಉಪ್ಪಿರುತ್ತದೆ.

ಮತ್ತೆ ಉಪ್ಪು ಸೇರಿಸುವ ಮುಂಚೆ ಒಮ್ಮೆ ರುಚಿ ನೋಡಿ. ಬಹುತೇಕ ಬೇಕಾಗುವುದಿಲ್ಲ, ನಿಂಬೆರಸ ಹಿಂಡಿದರೆ ಇರುವ ಉಪ್ಪೇ ನಾಲಿಗೆಗೆ ಚೆನ್ನಾಗಿ ಹತ್ತುತ್ತದೆ. ಸೂಪಿನ ಜೊತೆ ಕೊಡುವ ಉಪ್ಪು ಬಿಸ್ಕತ್ತುಗಳಲ್ಲೂ ಬ್ರೆಡ್ಡಿನಲ್ಲೂ ಉಪ್ಪಿದೆ ಎಂಬುದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ನೆಂಚಿಕೊಳ್ಳಲು ಉಪ್ಪಿನಕಾಯಿ ತೆರೆಯುವವರಿಗೆ ಹೇಳುವುದು ಇನ್ನೇನೂ ಇಲ್ಲ.

ಮನೆಗೆ ಹತ್ತು ಜನ ಬರುವವರಿದ್ದರೆ ಲೆಕ್ಕ ಹೀಗೆ: ಊಟಕ್ಕೆ ಮುಂಚೆ ತಲಾ 200 ಮಿಲಿಲೀಟರ್ ಎಂದರೆ ಎರಡು ಲೀಟರು, ಗಟ್ಟಿ ಸೂಪಿನ ನಾಲ್ಕು ಸಣ್ಣ ಡಬ್ಬಿ ಬೇಕು, ಒಂದಿಷ್ಟು ಉಳಿಯುತ್ತದೆ. ಸೂಪೇ ಊಟವಾದರೆ ತಲಾ 400 ಎಂದು ಹಿಡಿದು ಏಳು ಡಬ್ಬಿ. ಐವತ್ತು ಔನ್ಸಿನ ದೊಡ್ಡ ಡಬ್ಬಿಯೂ ಬರುತ್ತದೆ, ನೀರು ಬೆರೆಸಿದರೆ ಸುಮಾರು ಹನ್ನೆರಡು ಕಪ್.

ಸಸ್ಯಾಹಾರಿಗಳು ಅಂಗಡಿಯಲ್ಲೇ ಇನ್ನೊಂದು ನಿಮಿಷ ನಿಲ್ಲಬೇಕು. ಅಮೆರಿಕದ ಡಬ್ಬಿಯ ಮೇಲೆ ನಮ್ಮ ಹಸಿರು ಚುಕ್ಕೆ ಇರುವುದಿಲ್ಲ. ಮುಂದುಗಡೆ ‘ವೆಜಿಟೇಬಲ್ ಸೂಪ್’ ಎಂದು ಕ್ಯಾರೆಟ್ಟು-ಬಟಾಣಿಯ ಚಿತ್ರವಿದ್ದರೂ ಹಿಂದುಗಡೆಯ ಪಟ್ಟಿಯಲ್ಲಿ ದನದ ಮಾಂಸದ ತಿಳಿ ಇರಬಹುದು. ‘ಬೀಫ್ ಸ್ಟಾಕ್’ ಎಂದೋ ‘ಬೀಫ್ ಬ್ರಾತ್’ ಎಂದೋ ಬರೆದಿರುತ್ತಾರೆ. ಕ್ಯಾಂಪ್‌ಬೆಲ್‌ನಲ್ಲೇ ‘ವೆಜಿಟೇಬಲ್’ ಬೇರೆ, ‘ವೆಜಿಟೇರಿಯನ್ ವೆಜಿಟೇಬಲ್’ ಬೇರೆ. ಫ್ರೆಂಚ್ ಆನಿಯನ್ ಸೂಪ್ ಎಂದರೆ ಬರೀ ಈರುಳ್ಳಿ ಎಂದುಕೊಳ್ಳುವುದೂ ಬೇಡ, ಅದನ್ನು ಸಾಂಪ್ರದಾಯಿಕವಾಗಿ ಮಾಡುವುದೇ ದನದ ಮಾಂಸದ ತಿಳಿಯಲ್ಲಿ. ಚಿಕನ್ ತಿಳಿ ಬೆರೆಸಿದ ಕೆನೆ ಸೂಪುಗಳೂ ಇವೆ.

ನಮ್ಮಲ್ಲಿ ಡಬ್ಬಿಯ ಸೂಪ್ ಬೇರೂರಲೇ ಇಲ್ಲ, ಪುಡಿಯ ಪೊಟ್ಟಣಗಳು ಆ ಜಾಗ ಹಿಡಿದವು. ದೊಡ್ಡ ಪೊಟ್ಟಣಕ್ಕೆ ಸಾಮಾನ್ಯವಾಗಿ ನಾಲ್ಕು ಸರ್ವಿಂಗ್, ಬಿಸಿನೀರಿಗೆ ಹಾಕಿ ಕಲಕುವ ಚಿಕ್ಕದಕ್ಕೆ ಒಂದು, ಅದಕ್ಕೆ 150 ಮಿಲಿಲೀಟರ್ ನೀರು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳಂತೆ 100 ಗ್ರಾಮಿನ ಅಂಕಿಯ ಜೊತೆಗೆ, ಒಂದು ಸರ್ವಿಂಗಿನಲ್ಲಿ ದಿನದ ಅಗತ್ಯದ ಶೇಕಡಾ ಎಷ್ಟು ಸಿಗುತ್ತದೆ ಎಂಬುದನ್ನೂ ಬರೆಯಬೇಕು. ಸೋಡಿಯಂ ಲೆಕ್ಕ 2000 ಮಿಲಿಗ್ರಾಮಿಗೆ. ಇಲ್ಲಿ 100 ಗ್ರಾಮಿನ ಅಂಕಿ ನೋಡಿ ಗಾಬರಿಯಾಗಬೇಡಿ, ಅದು ಒಣಪುಡಿಯ 100 ಗ್ರಾಂ. ಅಷ್ಟನ್ನು ಯಾರೂ ಒಂದು ಸಲಕ್ಕೆ ಕುಡಿಯುವುದಿಲ್ಲ. ನಾಲ್ವರ ಪೊಟ್ಟಣವನ್ನು ಇಬ್ಬರೇ ಮುಗಿಸುವ ಮನೆಯವರು ಆ ಶೇಕಡಾವನ್ನು ಎರಡರಿಂದ ಗುಣಿಸಿಕೊಳ್ಳಲಿ.

ಉಳಿದರ್ಧ ಡಬ್ಬಿ ಏನಾಗಬೇಕು? ತೆರೆದ ಡಬ್ಬಿಯನ್ನೇ ಫ್ರಿಜ್ಜಿನಲ್ಲಿಡಬೇಡಿ. ಅದರಲ್ಲೂ ಟೊಮೆಟೊ ಸೂಪಿನ ಹುಳಿಗೆ ಲೋಹದ ವಾಸನೆ ಹತ್ತುತ್ತದೆ. ಗಾಜಿನ ಅಥವಾ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದು ಮುಚ್ಚಿಡಿ. ಬ್ರಿಟನ್ನಿನವರು ಎರಡು ದಿನ ಎನ್ನುತ್ತಾರೆ, ಅಮೆರಿಕದವರು ಮೂರ್ನಾಲ್ಕು. ನಾನು ಎರಡರ ಕಡೆಗೇ ವಾಲುತ್ತೇನೆ. ನೀರು ಬೆರೆಸುವ ಮುನ್ನವೇ ಅರ್ಧ ಎತ್ತಿಟ್ಟರೆ ಜಾಗವೂ ಕಡಿಮೆ, ಮಾರನೆಯ ದಿನ ಬೇರೆ ಅಡುಗೆಗೂ ಬಳಸಬಹುದು. ಮತ್ತೆ ಬಿಸಿ ಮಾಡುವಾಗ ಚೆನ್ನಾಗಿ ಕುದಿ ಬರಲಿ. ಫ್ರೀಜರಿನಲ್ಲಿಟ್ಟರೆ ಕೆನೆ ಸೂಪು ಒಡೆದಂತಾಗುತ್ತದೆ, ನೂಡಲ್ಸು ಮೆತ್ತಗಾಗುತ್ತದೆ. ಬೇಳೆ-ತರಕಾರಿಯ ಸೂಪುಗಳು ಮಾತ್ರ ಚೆನ್ನಾಗಿ ಉಳಿಯುತ್ತವೆ. ಡಬ್ಬಿಯನ್ನು ಮೈಕ್ರೊವೇವಿಗೆ ಇಡಬಾರದು, ಮುಚ್ಚಿದ ಡಬ್ಬಿಯನ್ನು ಒಲೆಯ ಮೇಲೂ ಇಡಬಾರದು.

ಕೊಳ್ಳುವಾಗ ಡಬ್ಬಿಯ ಎರಡು ತುದಿಗಳನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಉಬ್ಬಿದ್ದರೆ, ಸೋರುತ್ತಿದ್ದರೆ, ಬೆಸುಗೆಯ ಅಂಚಿನಲ್ಲಿ ನುಗ್ಗಾಗಿದ್ದರೆ, ಬೆರಳು ಕೂರುವಷ್ಟು ಆಳದ ತಗ್ಗಿದ್ದರೆ ಬಿಟ್ಟುಬಿಡಿ. ಗಾಳಿಯಾಡದ ಡಬ್ಬಿಯೊಳಗೆ ಬೆಳೆಯುವ ಬಾಟ್ಯುಲಿಸಂ ರೋಗಾಣುವಿನ ವಿಷ ಪ್ರಾಣಾಂತಕ, ಕಣ್ಣಿಗಾಗಲೀ ಮೂಗಿಗಾಗಲೀ ಅದು ಯಾವಾಗಲೂ ಸಿಗುವುದಿಲ್ಲ. ತೆರೆದಾಗ ಬುಸ್ಸೆಂದು ಚಿಮ್ಮಿದರೆ ರುಚಿ ನೋಡುವ ಸಾಹಸಕ್ಕೂ ಹೋಗಬೇಡಿ. ಸಣ್ಣಪುಟ್ಟ ತಗ್ಗಿಗೆ ಹೆದರಬೇಕಿಲ್ಲ. ಟೊಮೆಟೊದಂಥ ಹುಳಿ ಸೂಪುಗಳ ಗುಣ ಒಂದು, ಒಂದೂವರೆ ವರ್ಷದವರೆಗೆ ಕೆಡದೆ ಉಳಿಯುತ್ತದೆ, ಉಳಿದವು ಎರಡರಿಂದ ಐದು ವರ್ಷ. ಆದ್ದರಿಂದ ಟೊಮೆಟೊ ಡಬ್ಬಿಗಳನ್ನು ಶೆಲ್ಫಿನ ಮುಂದಿನ ಸಾಲಿಗೆ ತಂದಿಟ್ಟುಕೊಳ್ಳಿ.